ಹಂದಿ ಪಕ್ಕೆಲುಬಿಗೆ ಬಾರ್ಬೆಕ್ಯೂ ಸಾಸ್: ಮಂಡ್ಯದ ಬೆಲ್ಲ, ಹಳೇ ಹುಣಸೆ, ಹದವಾದ ಕೆಂಡ

ಮಂಡ್ಯ, ಮೈಸೂರು ಕಡೆ ಹಂದಿ ಬಾಡಿಗೆ, ಅಂದರೆ ಮಾಂಸಕ್ಕೆ, ಕೊರತೆಯಿಲ್ಲ, ಬೆಲ್ಲಕ್ಕಂತೂ ಇಲ್ಲವೇ ಇಲ್ಲ. ಹಾಗಿದ್ದೂ ತೋಟದಲ್ಲೋ ಮಹಡಿ ಮೇಲೋ ಪಕ್ಕೆಲುಬು ಸುಡಲು ಕೂತವರು ಅಂಗಡಿಯಿಂದ ಬಾರ್ಬೆಕ್ಯೂ ಸಾಸಿನ ಬಾಟಲಿ ತಂದು, ಹಸಿ ಬಾಡಿಗೇ ಬಳಿದು, ಕೆಂಡದ ಮೇಲಿಟ್ಟು, ಹೊರಗೆಲ್ಲ ಕರಿ, ಒಳಗೆ ಗಟ್ಟಿ ಮಾಡಿ ಇಳಿಸುತ್ತಾರೆ. ತಪ್ಪು ಆಗುವುದು ಎರಡೇ ಕಡೆ. ಸಾಸ್ ಅತಿ ಸಿಹಿ, ಬಳಿದದ್ದು ಅತಿ ಬೇಗ. ಹಂದಿ ಪಕ್ಕೆಲುಬಿನ ಸಾಸನ್ನು ಹುಳಿಯಿಂದ ಅಳೆಯಬೇಕು, ಸಿಹಿ ಅದರ ಹಿಂದೆ ಬರಬೇಕು, ಸಾಸ್ ಕೆಂಡ ನೋಡುವುದು ಕೊನೆಯ ಅರ್ಧ ಗಂಟೆಯಲ್ಲಿ ಮಾತ್ರ. ಈ ಲೇಖನದ ಮಿಕ್ಕದ್ದೆಲ್ಲ ಇದನ್ನು ಮಾಡುವ ಬಗೆ.

ಪಕ್ಕೆಯಲ್ಲಿ ಮಾಂಸದ ಪದರದ ನಡುನಡುವೆ ಕೊಬ್ಬಿನ ಪದರ ಇರುತ್ತದೆ. ಬೇಯುತ್ತ ಅದು ಕರಗಿ ಬಾಡನ್ನು ಮೆತ್ತಗೆ ಮಾಡುತ್ತದೆ, ತಿನ್ನುವಾಗ ನಾಲಿಗೆಯ ಮೇಲೆ ಜಿಡ್ಡಾಗಿ ಕೂರುತ್ತದೆ. ಆ ಜಿಡ್ಡನ್ನು ಮುರಿಯುವುದು ಹುಳಿ ಮತ್ತು ಖಾರ. ಬರೀ ಸಿಹಿ ಇದ್ದರೆ ಎರಡನೇ ಮೂಳೆಗೇ ಮುಖ ಹೊಡೆಯುತ್ತದೆ. ಕೊಡಗಿನ ಪಂದಿ ಕರಿಗೆ ಕಾಚಂಪುಳಿ ಎಂಬ ಹಣ್ಣಿನ ಕಪ್ಪು ಹುಳಿರಸ ಬೀಳುವುದು ಈ ಕಾರಣಕ್ಕೇ. ಅಮೆರಿಕದ ಉತ್ತರ ಕೆರೊಲೈನಾದ ಪೂರ್ವ ಭಾಗದವರು ಹಂದಿಗೆ ವಿನೆಗರ್, ಒಣಮೆಣಸಿನ ಚೂರು, ಉಪ್ಪು ಬಿಟ್ಟು ಹೆಚ್ಚೇನೂ ಹಾಕದಿರುವುದಕ್ಕೂ ಇದೇ ಕಾರಣ.

ಅಂಗಡಿಗಳಲ್ಲಿ ಸಿಗುವ ಕಂದುಗೆಂಪು ಬಣ್ಣದ ದಪ್ಪ ಸಾಸ್ ಕ್ಯಾನ್ಸಸ್ ಸಿಟಿ ಶೈಲಿಯದು. ಅದರಲ್ಲಿ ಟೊಮೆಟೊ, ಕಾಕಂಬಿ, ಕಂದು ಸಕ್ಕರೆ ಮುಖ್ಯ. ದಕ್ಷಿಣ ಕೆರೊಲೈನಾದಲ್ಲಿ ಸಾಸಿವೆಯ ಹಳದಿ ಸಾಸ್ ಉಂಟು. ಅಲಬಾಮಾದ ಡೆಕಟೂರ್ ಊರಿನಲ್ಲಿ 1925ರಿಂದ ನಡೆದುಬಂದ ಬಿಳಿ ಸಾಸ್‌ಗೆ ಮಯೊನೈಸ್, ವಿನೆಗರ್, ಕಾಳುಮೆಣಸು ಬೀಳುತ್ತವೆ, ಅದು ಕೋಳಿಗೆ ಹೇಳಿ ಮಾಡಿಸಿದ್ದು. ಮೆಂಫಿಸ್‌ನಲ್ಲಿ ಸಾಸೇ ಇಲ್ಲದೆ ಬರೀ ಒಣಮಸಾಲೆಯಲ್ಲಿ ಪಕ್ಕೆಲುಬು ಬಡಿಸುವುದೂ ಇದೆ. ನಮ್ಮ ಕಡೆಯ ಹಂದಿಗೆ ಕೊಬ್ಬು ಹೆಚ್ಚು, ನಮ್ಮ ನಾಲಿಗೆಗೆ ಖಾರ ಬೇಕು. ಹಾಗಾಗಿ ಕ್ಯಾನ್ಸಸ್ ಸಿಟಿಯ ದಪ್ಪವನ್ನೂ ಪೂರ್ವ ಕೆರೊಲೈನಾದ ಹುಳಿಯನ್ನೂ ಕೂಡಿಸುವುದು ಸರಿಹೋಗುತ್ತದೆ.

ಬಾಟಲಿಯದ್ದೇ ಸಾಕು ಎನ್ನುವವರಿಗೆ

ಕೊಳ್ಳುವ ಮುನ್ನ ಬಾಟಲಿಯ ಹಿಂಬದಿ ಓದಿ. ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆದಿರುತ್ತಾರೆ. ಮೊದಲ ಹೆಸರೇ ಸಕ್ಕರೆಯೋ ಗ್ಲೂಕೋಸ್ ಸಿರಪ್ಪೋ ಆಗಿದ್ದರೆ ಅದು ಕಡೆಯಲ್ಲಿ ಒಂದು ಕೈ ಬಳಿಯಲು ಮಾತ್ರ ಯೋಗ್ಯ. ಟೊಮೆಟೊ ಪೇಸ್ಟ್, ವಿನೆಗರ್ ಮೊದಲು ಬಂದು ಸಕ್ಕರೆ ಆಮೇಲೆ ಬಂದರೆ ಒಳ್ಳೆಯದು. ಪೌಷ್ಟಿಕಾಂಶದ ಪಟ್ಟಿಯಲ್ಲಿ 100 ಗ್ರಾಂಗೆ ಸಕ್ಕರೆ 40 ಗ್ರಾಂ ದಾಟಿದ್ದರೆ ನೇರವಾಗಿ ಬಳಸಬೇಡಿ. 200 ಗ್ರಾಂ ಸಾಸಿಗೆ 3 ದೊಡ್ಡ ಚಮಚ ಗಟ್ಟಿ ಹುಣಸೆ ರಸ, ಅರ್ಧ ಚಮಚ ತರಿತರಿ ಕಾಳುಮೆಣಸು, ಕಾಲು ಚಮಚ ಹುರಿದ ಜೀರಿಗೆ ಪುಡಿ ಸೇರಿಸಿ 5 ನಿಮಿಷ ಸಣ್ಣ ಉರಿಯಲ್ಲಿ ಕುದಿಸಿ. ಉಪ್ಪು ಹಾಕಬೇಡಿ, ಬಾಟಲಿಯಲ್ಲಿ ಸಾಕಷ್ಟಿರುತ್ತದೆ.

ಮನೆಯಲ್ಲಿ ಟೊಮೆಟೊ ಕೆಚಪ್ ಮಾತ್ರ ಇದ್ದರೆ ಅದನ್ನೂ ಮೂಲ ಮಾಡಿಕೊಳ್ಳಬಹುದು. ಕೆಚಪ್‌ನಲ್ಲಿ ಸಕ್ಕರೆ, ಉಪ್ಪು ಎರಡೂ ಆಗಲೇ ಇರುವುದರಿಂದ 200 ಗ್ರಾಂ ಕೆಚಪ್‌ಗೆ ಬೆಲ್ಲ 20 ಗ್ರಾಂ ಮೀರಬಾರದು, ಹುಣಸೆ ರಸ ಅರ್ಧ ಬಟ್ಟಲು ಬೇಕು. ಆದರೂ ಕೈಯಾರೆ ಮಾಡಿದ ಸಾಸಿಗೂ ಇದಕ್ಕೂ ಅಜಗಜಾಂತರ. ಕಬ್ಬಿನ ಸೀಮೆಯಲ್ಲಿ ಕೂತು ಬಾಟಲಿಯ ಗ್ಲೂಕೋಸ್ ಸಿರಪ್ ತಿನ್ನುವ ಅಗತ್ಯವಿಲ್ಲ.

ಬೆಲ್ಲ ಆರಿಸುವುದು

ಕ್ಯಾನ್ಸಸ್ ಸಿಟಿ ಸಾಸಿನ ಕಪ್ಪು ಬಣ್ಣ, ತುಸು ಕಹಿ ಬೆರೆತ ಆ ಗಾಢವಾದ ಸಿಹಿ ಬರುವುದು ಕಾಕಂಬಿಯಿಂದ. ಮಂಡ್ಯದಲ್ಲಿ ಕಾಕಂಬಿ ಅಂದರೆ ಸಕ್ಕರೆ ಕಾರ್ಖಾನೆಯಲ್ಲಿ ಸಕ್ಕರೆ ಹರಳು ಬೇರ್ಪಟ್ಟ ಮೇಲೆ ಉಳಿಯುವ ಕರಿ ಪಾಕ. ಅದು ಡಿಸ್ಟಿಲರಿಗೆ, ಪಶು ಆಹಾರಕ್ಕೆ ಹೋಗುವಂಥದ್ದು, ಅಡುಗೆಗೆಂದು ಶುದ್ಧ ಮಾಡಿದ್ದಲ್ಲ. ಅದನ್ನು ಹುಡುಕಿಕೊಂಡು ಹೋಗಬೇಡಿ. ಆಲೆಮನೆಯಲ್ಲಿ ಕಬ್ಬಿನ ಹಾಲನ್ನು ಕೊಪ್ಪರಿಗೆಯಲ್ಲಿ ಪೂರ್ತಿ ಕಾಯಿಸಿಯೇ ಬೆಲ್ಲ ಇಳಿಸುವುದರಿಂದ ಕಾಕಂಬಿಯ ಅಂಶ ಬೆಲ್ಲದೊಳಗೇ ಉಳಿದಿರುತ್ತದೆ. ಕಂದು ಸಕ್ಕರೆ, ಕಾಕಂಬಿ ಎರಡರ ಕೆಲಸವನ್ನೂ ಕಪ್ಪು ಬೆಲ್ಲ ಒಂದೇ ಮಾಡುತ್ತದೆ.

ಇಲ್ಲಿ ಕಪ್ಪು ಎನ್ನುವುದು ಮುಖ್ಯ. ಹೊಂಬಣ್ಣಕ್ಕೆ ತಿರುಗಿದ, ನೋಡಲು ಚೆಂದದ ಬೆಲ್ಲಕ್ಕೆ ಹೈಡ್ರೋಸ್‌ನಂಥ ಬಣ್ಣ ತೆಗೆಯುವ ರಾಸಾಯನಿಕ ಬಿದ್ದಿರುವ ಸಾಧ್ಯತೆ ಹೆಚ್ಚು, ಸಕ್ಕರೆ ಬೆರೆಸಿರುವುದೂ ಉಂಟು. ಅಂಥ ಬೆಲ್ಲ ಸಾಸಿಗೆ ಸಿಹಿ ಕೊಡುತ್ತದೆ, ಗಾಢತೆ ಕೊಡುವುದಿಲ್ಲ. ಅಚ್ಚು, ಬಕೆಟ್, ಕುರಿಕಾಟು ಎಂದು ಮಾರುಕಟ್ಟೆಯಲ್ಲಿ ಹೇಳುವುದು ಆಕಾರದ ಮೇಲೆ. ಸಾಸಿಗೆ ಯಾವ ಆಕಾರವಾದರೂ ಆದೀತು, ಮುರಿದಾಗ ಒಳಗೂ ಗಾಢ ಕಂದು ಇರಬೇಕು. ಕೊಳ್ಳುವಾಗ ಒಂದು ಚೂರು ಬಾಯಿಗೆ ಹಾಕಿ ನೋಡಿ. ಚೌಳು ಭೂಮಿಯಲ್ಲಿ ಬೆಳೆದ ಕಬ್ಬಿನ ಬೆಲ್ಲ ಉಪ್ಪುಪ್ಪಾಗಿರುತ್ತದೆ. ಅದೇ ಸಿಕ್ಕರೆ ಬಿಸಾಡಬೇಕಿಲ್ಲ, ಸಾಸಿನ ಉಪ್ಪನ್ನು ಅರ್ಧಕ್ಕೆ ಇಳಿಸಿ ಕೊನೆಯಲ್ಲಿ ರುಚಿ ನೋಡಿ ಸೇರಿಸಿದರಾಯಿತು. ಜೋನಿ ಬೆಲ್ಲವೂ ಚೆನ್ನ. ಅದರಲ್ಲಿ ನೀರಿರುವುದರಿಂದ 90 ಗ್ರಾಂ ಗಟ್ಟಿ ಬೆಲ್ಲದ ಜಾಗಕ್ಕೆ ಸುಮಾರು 120 ಗ್ರಾಂ ಬೇಕು.

ಬೆಲ್ಲದ ಇನ್ನೊಂದು ಗುಣ ತಿಳಿದಿದ್ದರೆ ಅರ್ಧ ಕೆಲಸ ಗೆದ್ದಂತೆ. ಬಿಳಿ ಸಕ್ಕರೆಯಲ್ಲಿ ಹೆಚ್ಚುಕಡಿಮೆ ಸುಕ್ರೋಸ್ ಮಾತ್ರ ಇರುತ್ತದೆ, ಅದು ಕಂದಾಗಲು ಸುಮಾರು 160 ಡಿಗ್ರಿ ಸೆಲ್ಸಿಯಸ್ ಬೇಕು. ಬೆಲ್ಲದಲ್ಲಿ ಸುಕ್ರೋಸ್ ಜೊತೆಗೆ ಗ್ಲೂಕೋಸ್, ಫ್ರಕ್ಟೋಸ್ ಕೂಡ ಇರುತ್ತವೆ. ಫ್ರಕ್ಟೋಸ್ ಸುಮಾರು 110 ಡಿಗ್ರಿಗೇ ಕಂದಾಗಲು ಶುರು. ನಿಗಿನಿಗಿ ಕೆಂಡದ ನೇರ ಮೇಲಿನ ಜಾಲರಿ 200 ಡಿಗ್ರಿಯನ್ನು ಸುಲಭವಾಗಿ ದಾಟುತ್ತದೆ. ಮೊದಲೇ ಬಳಿದ ಬೆಲ್ಲದ ಸಾಸ್ ಬಾಡು ಬೇಯುವ ಬಹಳ ಮುಂಚೆಯೇ ಸೀದು ಕಹಿಯಾಗುವುದು ಇದರಿಂದ. ಮಳೆಗಾಲದಲ್ಲಿ ನೀರೊಡೆದ ಹಳೇ ಬೆಲ್ಲದಲ್ಲಿ ಈ ಬೇಗ ಸೀಯುವ ಸಕ್ಕರೆಗಳು ಇನ್ನೂ ಹೆಚ್ಚು, ಅದನ್ನು ಬಳಸುವಾಗ ಕೆಂಡ ಇನ್ನಷ್ಟು ಮಂದವಿರಲಿ.

ಹುಳಿ, ಖಾರ, ಟೊಮೆಟೊ

ಹುಣಸೆ ಹಳೆಯದಿರಲಿ. ಹೊಸ ಹುಣಸೆ ತಿಳಿಗಂದು, ಹುಳಿ ಚುರುಕು. ವರ್ಷ ದಾಟಿದ್ದು ಕಪ್ಪಾಗಿ, ಹುಳಿ ಹದಕ್ಕೆ ಬಂದಿರುತ್ತದೆ, ಸಾಸಿಗೆ ಬಣ್ಣವನ್ನೂ ಕೊಡುತ್ತದೆ. ಕೆಲವು ಕಡೆ ಕೆಡದಿರಲೆಂದು ಉಪ್ಪು ಹಾಕಿ ಒತ್ತಿಟ್ಟಿರುತ್ತಾರೆ, ಒಂದೆಳೆ ನೆಕ್ಕಿ ನೋಡಿ ತಿಳಿದುಕೊಳ್ಳಿ.

ಕಾಚಂಪುಳಿ ಮೈಸೂರಿನಲ್ಲಿ ಕೊಡಗಿನ ಪದಾರ್ಥ ಮಾರುವ ಅಂಗಡಿಗಳಲ್ಲಿ ಸಿಗುತ್ತದೆ. ಕಪ್ಪಗೆ, ಪಾಕದಂತೆ ಮಂದವಾಗಿರುವುದು ಒಳ್ಳೆಯದು. ತೆಳ್ಳಗೆ ನೀರಾಗಿದ್ದರೆ ಪ್ರಮಾಣ ಹೆಚ್ಚು ಬೇಕಾಗುತ್ತದೆ. ಒಂದೊಂದು ಬಾಟಲಿಯ ಹುಳಿ ಒಂದೊಂದು ಥರ ಇರುವುದರಿಂದ ಅರ್ಧ ಚಮಚದಿಂದ ಶುರುಮಾಡಿ. ಅದು ಸಿಗದಿದ್ದರೆ ಅಡುಗೆ ವಿನೆಗರ್ 2 ದೊಡ್ಡ ಚಮಚ. ನಿಂಬೆ ರಸ ಬೇಡ, ಬಿಸಿಗೆ ಅದರ ಪರಿಮಳ ಹಾರಿಹೋಗುತ್ತದೆ.

ಮೆಣಸಿನಕಾಯಿಯಲ್ಲಿ ಬ್ಯಾಡಗಿ ಬಣ್ಣಕ್ಕೆ, ಗುಂಟೂರು ಖಾರಕ್ಕೆ. ಬರೀ ಗುಂಟೂರು ಹಾಕಿ ಬಣ್ಣ ಬರಿಸಲು ಹೋದರೆ ತಿನ್ನಲಾಗದಷ್ಟು ಖಾರವಾಗುತ್ತದೆ. ಟೊಮೆಟೊ ನಾಟಿಯದ್ದೇ ಇರಲಿ. ಉದ್ದನೆಯ, ಗಟ್ಟಿ ಸಿಪ್ಪೆಯ ಹೈಬ್ರಿಡ್ ಹಣ್ಣಿನಲ್ಲಿ ಹುಳಿ ಕಡಿಮೆ. ಅದೇ ಇದ್ದರೆ ಹುಣಸೆ 10 ಗ್ರಾಂ ಹೆಚ್ಚಿಸಿ.

ನಮ್ಮ ಕಡೆ ಬಾಡಿನ ಮಸಾಲೆ ಅಂದಕೂಡಲೇ ಕೈ ತೆಂಗಿನಕಾಯಿ, ಹುರಿಗಡಲೆ, ಕೊತ್ತಂಬರಿ ಸೊಪ್ಪಿನ ಕಡೆ ಹೋಗುತ್ತದೆ. ಇಲ್ಲಿ ಮೂರೂ ಬೇಡ. ಕಾಯಿ ಕೆಂಡದ ಮೇಲೆ ಬೇಗ ಸೀಯುತ್ತದೆ, ಇಟ್ಟ ಸಾಸಿಗೆ ಕಮಟು ಹಿಡಿಸುತ್ತದೆ. ಹುರಿಗಡಲೆಯಾಗಲಿ ಜೋಳದ ಹಿಟ್ಟಾಗಲಿ ಸಾಸನ್ನು ಗಂಜಿ ಮಾಡುತ್ತದೆ, ಕೆಂಡಕ್ಕೆ ಒಣಗಿ ಸಿಪ್ಪೆಯೇಳುತ್ತದೆ. ದಪ್ಪ ಬರಬೇಕಾದ್ದು ಕುದಿಸಿ ನೀರು ಇಂಗಿಸಿ, ಹಿಟ್ಟು ಹಾಕಿ ಅಲ್ಲ.

ಪ್ರಮಾಣ

ಒಂದೂವರೆ ಕೆಜಿ ಪಕ್ಕೆಲುಬಿಗೆ ಬಳಿಯಲು ಮತ್ತು ಊಟದಲ್ಲಿ ನಂಚಿಕೊಳ್ಳಲು ಸಾಕಾಗುವಷ್ಟು, ಸುಮಾರು ಅರ್ಧ ಲೀಟರ್ ಸಾಸ್ ಬರುತ್ತದೆ.

ಹಣ್ಣಾದ ನಾಟಿ ಟೊಮೆಟೊ: 500 ಗ್ರಾಂ
ಈರುಳ್ಳಿ: 150 ಗ್ರಾಂ
ಬೆಳ್ಳುಳ್ಳಿ: 20 ಗ್ರಾಂ, ನಾಟಿಯಾದರೆ 15 ಎಸಳು
ಶುಂಠಿ: 10 ಗ್ರಾಂ
ಬೀಜ, ನಾರು ತೆಗೆದ ಹಳೇ ಹುಣಸೆ: 40 ಗ್ರಾಂ
ಕಪ್ಪು ಬೆಲ್ಲ: 90 ಗ್ರಾಂ
ಬ್ಯಾಡಗಿ ಮೆಣಸಿನಕಾಯಿ: 8, ಗುಂಟೂರು: 3
ಕಾಳುಮೆಣಸು: ಒಂದೂವರೆ ಚಮಚ
ಕೊತ್ತಂಬರಿ ಬೀಜ: 2 ಚಮಚ, ಜೀರಿಗೆ: 1 ಚಮಚ
ಲವಂಗ: 3, ಚಕ್ಕೆ: ಒಂದು ಅಂಗುಲ
ಉಪ್ಪು: 10 ಗ್ರಾಂ, ಅಂದರೆ ಸುಮಾರು 2 ಚಮಚ ಪುಡಿ ಉಪ್ಪು
ಕಡಲೆಕಾಯಿ ಎಣ್ಣೆ ಅಥವಾ ಕರಗಿಸಿದ ಹಂದಿ ಕೊಬ್ಬು: 2 ದೊಡ್ಡ ಚಮಚ
ಕಾಚಂಪುಳಿ: ಅರ್ಧದಿಂದ 1 ಚಮಚ

ಪಾತ್ರೆ ತಳ ದಪ್ಪನೆಯ ಸ್ಟೀಲಿನದ್ದಿರಲಿ. ಅಲ್ಯೂಮಿನಿಯಂ, ಕಬ್ಬಿಣ, ಕಲಾಯಿ ಇಲ್ಲದ ಹಿತ್ತಾಳೆ ಬೇಡ. ಹುಣಸೆಯ ಹುಳಿ ಲೋಹವನ್ನು ಎಳೆದು ಸಾಸಿಗೆ ಕಬ್ಬಿಣದ ರುಚಿ, ಕೆಟ್ಟ ಬಣ್ಣ ತರುತ್ತದೆ.

ಮಾಡುವ ಕ್ರಮ

1. ಹುಣಸೆಯನ್ನು 150 ಮಿಲಿ ಬಿಸಿ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಕಿವುಚಿ ಸೋಸಿ. ಉಳಿದ ಚರಟಕ್ಕೆ ಇನ್ನು 50 ಮಿಲಿ ನೀರು ಹಾಕಿ ಮತ್ತೊಮ್ಮೆ ಹಿಂಡಿ. ಗಟ್ಟಿ ರಸ ಸುಮಾರು 150 ಮಿಲಿ ಸಿಗಬೇಕು.

2. ಬೆಲ್ಲವನ್ನು ಪುಡಿಮಾಡಿ ಕಾಲು ಬಟ್ಟಲು ನೀರಿನಲ್ಲಿ ಬಿಸಿಮಾಡಿ ಕರಗಿಸಿ, ಸಣ್ಣ ಜರಡಿಯಲ್ಲೋ ಬಟ್ಟೆಯಲ್ಲೋ ಸೋಸಿಡಿ. ಈ ಹೆಜ್ಜೆ ಬಿಟ್ಟರೆ ಆಲೆಮನೆಯ ಮರಳು, ಕಬ್ಬಿನ ಸಿಪ್ಪೆಯ ಚೂರು ಹಲ್ಲಿಗೆ ಸಿಗುತ್ತವೆ.

3. ಮೆಣಸಿನಕಾಯಿಯ ತೊಟ್ಟು ತೆಗೆದು, ಬೀಜ ಉದುರಿಸಿ, ಒಣ ಬಾಣಲೆಯಲ್ಲಿ ಒಂದು ನಿಮಿಷ ಬೆಚ್ಚಗೆ ಮಾಡಿ. ಘಮ ಬಂದರೆ ಸಾಕು. ಕಪ್ಪು ಚುಕ್ಕೆ ಬಿದ್ದರೆ ಆ ಕಹಿ ಕೊನೆಯವರೆಗೂ ಹೋಗುವುದಿಲ್ಲ, ತೆಗೆದುಹಾಕಿ ಬೇರೆ ಹುರಿಯಿರಿ. ಆಮೇಲೆ 100 ಮಿಲಿ ಬಿಸಿ ನೀರಿನಲ್ಲಿ 20 ನಿಮಿಷ ನೆನೆಸಿ. ಅದೇ ಬಾಣಲೆಯಲ್ಲಿ ಕೊತ್ತಂಬರಿ, ಜೀರಿಗೆ, ಕಾಳುಮೆಣಸು, ಲವಂಗ, ಚಕ್ಕೆ ಸಣ್ಣ ಉರಿಯಲ್ಲಿ ಹುರಿದು ನುಣ್ಣಗೆ ಪುಡಿಮಾಡಿ.

4. ಪಾತ್ರೆಯಲ್ಲಿ ಎಣ್ಣೆ ಕಾಯಿಸಿ, ಹೆಚ್ಚಿದ ಈರುಳ್ಳಿ ಹಾಕಿ, ಮಧ್ಯಮ ಉರಿಯಲ್ಲಿ 10ರಿಂದ 12 ನಿಮಿಷ ಬಾಡಿಸಿ. ಅಂಚು ಹೊಂಬಣ್ಣಕ್ಕೆ ಬರಬೇಕು. ಅವಸರ ಮಾಡಿ ಹಸಿಯಾಗಿ ಬಿಟ್ಟರೆ ಸಾಸಿಗೆ ಹಸಿ ವಾಸನೆ ಉಳಿಯುತ್ತದೆ. ಬೆಳ್ಳುಳ್ಳಿ, ಶುಂಠಿ ಹಾಕಿ ಎರಡು ನಿಮಿಷ ಕೈಯಾಡಿಸಿ.

5. ಟೊಮೆಟೊ, ಉಪ್ಪು ಹಾಕಿ ಮುಚ್ಚಿ 10 ನಿಮಿಷ ಬೇಯಿಸಿ. ಆರಿದ ಮೇಲೆ ನೆನೆದ ಮೆಣಸಿನಕಾಯಿ, ಅದರ ನೀರು ಸೇರಿಸಿ ನುಣ್ಣಗೆ ರುಬ್ಬಿ, ಜರಡಿಯಲ್ಲಿ ಒತ್ತಿ ಸೋಸಿ. ಟೊಮೆಟೊ ಬೀಜ, ಮೆಣಸಿನ ಸಿಪ್ಪೆ ಉಳಿದರೆ ಬಾಡಿನ ಮೇಲೆ ಅವೇ ಮೊದಲು ಸೀಯುತ್ತವೆ.

6. ಸೋಸಿದ್ದನ್ನು ಮತ್ತೆ ಪಾತ್ರೆಗೆ ಹಾಕಿ, ಹುಣಸೆ ರಸ, ಮಸಾಲೆ ಪುಡಿ ಸೇರಿಸಿ ಸಣ್ಣ ಉರಿಯಲ್ಲಿ 20ರಿಂದ 25 ನಿಮಿಷ ಕುದಿಸಿ. ಸಿಡಿಯುತ್ತದೆ, ಅರ್ಧ ಮುಚ್ಚಳ ಇರಲಿ.

7. ಬೆಲ್ಲದ ಪಾಕ ಈಗ ಸೇರಿಸಿ. ಮೊದಲೇ ಹಾಕಿದರೆ ತಳ ಹಿಡಿಯುತ್ತದೆ, ಒಮ್ಮೆ ತಳ ಹಿಡಿದ ವಾಸನೆ ಇಡೀ ಪಾತ್ರೆಗೆ ಹರಡುತ್ತದೆ. ಇನ್ನು 12ರಿಂದ 15 ನಿಮಿಷ, ತಳ ಕೆರೆಯುತ್ತ ಕುದಿಸಿ.

8. ಹದ ನೋಡುವುದು ಹೀಗೆ: ತಣ್ಣನೆ ತಟ್ಟೆಯ ಮೇಲೆ ಒಂದು ಚಮಚ ಸಾಸ್ ಬಿಟ್ಟು, ನಡುವೆ ಬೆರಳಾಡಿಸಿ. ಗೆರೆ ಮೂರು ನಾಲ್ಕು ಎಣಿಸುವಷ್ಟು ಹೊತ್ತು ನಿಂತು ನಿಧಾನವಾಗಿ ಕೂಡಿಕೊಂಡರೆ ಸರಿ. ಕೂಡಲೇ ಕೂಡಿಕೊಂಡರೆ ಇನ್ನೂ ಕುದಿಯಲಿ. ಕೂಡಿಕೊಳ್ಳದೇ ನಿಂತರೆ ದಪ್ಪವಾಯಿತು, ಒಂದೆರಡು ಚಮಚ ಬಿಸಿನೀರು ಬಿಡಿ. ಬಿಸಿಯಲ್ಲಿ ತೆಳ್ಳಗೆ ಕಂಡದ್ದು ಆರಿದ ಮೇಲೆ ಗಟ್ಟಿಯಾಗುತ್ತದೆ ಎನ್ನುವುದು ನೆನಪಿರಲಿ.

9. ಒಲೆ ಆರಿಸಿ, ಹತ್ತು ನಿಮಿಷ ಬಿಟ್ಟು ಕಾಚಂಪುಳಿ ಬೆರೆಸಿ.

ರುಚಿ ನೋಡುವಾಗ ಚಮಚದಿಂದ ನೆಕ್ಕಿ ತೀರ್ಮಾನ ಮಾಡಬೇಡಿ. ಬರೀ ಸಾಸ್ ನಾಲಿಗೆಗೆ ಹಿತವಾಗಿದ್ದರೆ ಅದು ಬಾಡಿನ ಮೇಲೆ ಸಪ್ಪೆ, ಸಿಹಿ ಅನ್ನಿಸುತ್ತದೆ. ಕೊಬ್ಬಿರುವ ಒಂದು ಚೂರು ಬೆಂದ ಹಂದಿ ಮಾಂಸದ ಮೇಲೆ ಹಾಕಿಕೊಂಡು ನೋಡಬೇಕು. ಬಾಯಿಗೆ ಮೊದಲು ಹುಳಿ, ಆಮೇಲೆ ಬೆಲ್ಲ, ನುಂಗಿದ ಮೇಲೆ ಕಾಳುಮೆಣಸಿನ ಬಿಸಿ, ಈ ಕ್ರಮ ಬಂದರೆ ಸಾಸ್ ಆಯಿತು. ಸಾಧ್ಯವಾದರೆ ಒಂದು ದಿನ ಮುಂಚೆ ಮಾಡಿಡಿ. ರಾತ್ರಿ ಕಳೆದ ಸಾಸಿನಲ್ಲಿ ಲವಂಗ, ಚಕ್ಕೆಯ ಮೊನಚು ತಗ್ಗಿ ಎಲ್ಲವೂ ಹೊಂದಿಕೊಂಡಿರುತ್ತದೆ.

ಬಾಡು

ಅಂಗಡಿಯಲ್ಲಿ ಕೇಳುವ ಮುನ್ನವೇ ಕೊಚ್ಚಿಬಿಡುತ್ತಾರೆ. ಮೊದಲೇ ಹೇಳಿ: ಪಕ್ಕೆಲುಬು ತುಂಡು ಮಾಡಬೇಡಿ, ಪಟ್ಟಿ ಹಾಗೇ ಇರಲಿ, ಮೇಲಿನ ಚರ್ಮ ತೆಗೆಯಿರಿ, ಕೊಬ್ಬು ಅರ್ಧ ಸೆಂಟಿಮೀಟರಿಗಿಂತ ಹೆಚ್ಚು ಬೇಡ. ಕತ್ತಿಯಲ್ಲಿ ಕೊಚ್ಚಿದ ಮೂಳೆಯ ಚೂರು ಸಾಸಿಗೆ ಅಂಟಿಕೊಂಡರೆ ಕಾಣಿಸುವುದಿಲ್ಲ, ಹಲ್ಲು ಮುರಿಯುತ್ತದೆ. ಮಾಂಸದಲ್ಲಿ ಅಕ್ಕಿಕಾಳಿನ ಗಾತ್ರದ ಬಿಳಿ ಗುಳ್ಳೆ ಕಂಡರೆ ಅದು ಲಾಡಿಹುಳುವಿನ ಮರಿಕೋಶ, ಕೊಳ್ಳಲೇಬೇಡಿ. ಫಾರಂನಲ್ಲಿ ಮೇವು ಹಾಕಿ ಸಾಕಿದ ಹಂದಿಯದ್ದನ್ನೇ ಕೇಳಿ ತೆಗೆದುಕೊಳ್ಳಿ.

ಮೂಳೆಯ ಒಳಬದಿಗೆ ತೆಳ್ಳನೆಯ ಪೊರೆ ಅಂಟಿರುತ್ತದೆ. ಒಂದು ಮೂಲೆಯನ್ನು ಚಮಚದ ಹಿಡಿಯಿಂದ ಎಬ್ಬಿಸಿ, ಒಣ ಬಟ್ಟೆಯಲ್ಲಿ ಹಿಡಿದು ಎಳೆದರೆ ಒಂದೇ ಸಲಕ್ಕೆ ಬರುತ್ತದೆ. ಬಿಟ್ಟರೆ ಬೆಂದ ಮೇಲೆ ರಬ್ಬರಿನಂತಾಗುತ್ತದೆ, ಆ ಬದಿಗೆ ಉಪ್ಪು, ಸಾಸ್ ಯಾವುದೂ ಹಿಡಿಯುವುದಿಲ್ಲ. ಒಂದೂವರೆ ಕೆಜಿಗೆ 15 ಗ್ರಾಂ ಉಪ್ಪು, 2 ಚಮಚ ಬ್ಯಾಡಗಿ ಪುಡಿ, 1 ಚಮಚ ಕಾಳುಮೆಣಸಿನ ಪುಡಿ, ಚಿಟಿಕೆ ಅರಿಶಿನ ಸವರಿ ನಾಲ್ಕು ಗಂಟೆ ಫ್ರಿಜ್ಜಿನಲ್ಲಿಡಿ. ಇದರಲ್ಲಿ ಬೆಲ್ಲ ಬೇಡ.

ಮುಚ್ಚಳವಿರುವ ಗ್ರಿಲ್ ಇದ್ದರೆ ಕೆಂಡ ಒಂದು ಬದಿಗೆ, ಬಾಡು ಇನ್ನೊಂದು ಬದಿಗೆ. ಒಳಗಿನ ಬಿಸಿ 120ರಿಂದ 135 ಡಿಗ್ರಿ, ಸಮಯ ಮೂರರಿಂದ ನಾಲ್ಕು ಗಂಟೆ. ತೆಂಗಿನ ಚಿಪ್ಪಿನ ಇದ್ದಿಲು ಹೆಚ್ಚು ಹೊತ್ತು ಒಂದೇ ಸಮ ಉರಿಯುತ್ತದೆ. ಹೊಗೆಗೆ ಚೆನ್ನಾಗಿ ಒಣಗಿದ ಮಾವು ಅಥವಾ ಸೀಬೆಯ ಎರಡು ಮೂರು ತುಂಡು ಸಾಕು. ನೀಲಗಿರಿ, ಬೇವು, ಬಣ್ಣ ಬಳಿದ ಹಲಗೆ, ಪ್ಲೈವುಡ್ ಬೇಡವೇ ಬೇಡ. ಓವನ್ನಿನಲ್ಲಾದರೆ ಫಾಯಿಲ್‌ನಲ್ಲಿ ಬಿಗಿಯಾಗಿ ಮುಚ್ಚಿ 140 ಡಿಗ್ರಿಯಲ್ಲಿ ಎರಡೂವರೆ ಗಂಟೆ.

ಹೆಚ್ಚಿನ ಮನೆಗಳಲ್ಲಿ ನಡೆಯುವುದು ಕುಕ್ಕರ್. ಅದರಲ್ಲಿ ಅವಮಾನವೇನಿಲ್ಲ. ಪಟ್ಟಿಯನ್ನು ಮೂರು ಮೂರು ಮೂಳೆಗೆ ಕತ್ತರಿಸಿ, ಅರ್ಧ ಬಟ್ಟಲು ನೀರು ಹಾಕಿ, ಒಂದು ಕೂಗು ಬಂದ ಮೇಲೆ ಉರಿ ತಗ್ಗಿಸಿ 12 ನಿಮಿಷ. ಆವಿ ತಾನಾಗಿ ಇಳಿಯಲಿ. ಇನ್ನೂ ಹೆಚ್ಚು ಬೇಯಿಸಿದರೆ ಮಾಂಸ ಮೂಳೆಯಿಂದ ಕಳಚಿ ಜಾಲರಿಯ ಮೇಲೆ ನಿಲ್ಲುವುದಿಲ್ಲ. ಉಳಿದ ನೀರನ್ನು ಚೆಲ್ಲದೆ, ಮೇಲಿನ ಕೊಬ್ಬು ತೆಗೆದು ಸಾರಿಗೆ ಬಳಸಿ.

ಯಾವ ದಾರಿಯಾದರೂ ಗುರಿ ಒಂದೇ. ಮೂಳೆಯ ತುದಿಯಿಂದ ಮಾಂಸ ಸುಮಾರು ಒಂದು ಸೆಂಟಿಮೀಟರ್ ಹಿಂದೆ ಸರಿದಿರಬೇಕು, ಪಟ್ಟಿಯನ್ನು ಇಕ್ಕಳದಲ್ಲಿ ಎತ್ತಿದರೆ ಬಾಗಿ ಮೇಲೆ ಬಿರುಕು ಬಿಡಬೇಕು. ಥರ್ಮಾಮೀಟರ್ ಇದ್ದರೆ ಒಳಗೆ 90ರಿಂದ 95 ಡಿಗ್ರಿ. ಹಂದಿ ಮಾಂಸ ಇದಕ್ಕೆ ಬಹಳ ಮೊದಲೇ ಬೆಂದಿರುತ್ತದೆ, ಆದರೆ ಪಕ್ಕೆಯ ನಾರು ಕರಗಿ ಮೆತ್ತಗಾಗುವುದು ಇಷ್ಟು ಬಿಸಿಯಲ್ಲಿ.

ಬಳಿಯುವ ಹೊತ್ತು

ಬಾಡು ಈ ಹಂತಕ್ಕೆ ಬರುವ ಅರ್ಧ ಗಂಟೆ ಮುಂಚೆ ಸಾಸಿನ ಪಾತ್ರೆ ತೆಗೆಯಿರಿ. ಕುಕ್ಕರಿನದ್ದಾದರೆ ಹೊರತೆಗೆದು, ಬಟ್ಟೆಯಲ್ಲಿ ಒತ್ತಿ, ಹತ್ತು ನಿಮಿಷ ಗಾಳಿಗೆ ಒಣಗಿಸಿ. ಒದ್ದೆ ಮೈಗೆ ಸಾಸ್ ನಿಲ್ಲದೆ ಜಾರಿ ಕೆಂಡಕ್ಕೆ ಬೀಳುತ್ತದೆ. ಸಾಸನ್ನು ಎರಡು ಬಟ್ಟಲಿಗೆ ಹಂಚಿ, ಒಂದು ಬಳಿಯಲು, ಇನ್ನೊಂದು ಊಟಕ್ಕೆ. ಬಾಡಿಗೆ ತಾಗಿದ ಕುಂಚ ಊಟದ ಬಟ್ಟಲಿಗೆ ಹೋಗಬಾರದು. ಬಳಿಯುವ ಪಾಲಿಗೆ ಎರಡು ಚಮಚ ನೀರು ಬೆರೆಸಿ ದೋಸೆ ಹಿಟ್ಟಿನ ಹದಕ್ಕೆ ತನ್ನಿ.

ಮುಚ್ಚಳವಿಲ್ಲದೆ ಇಟ್ಟಿಗೆ ಮೇಲೆ ಜಾಲರಿ ಇಟ್ಟು ಸುಡುವವರು ಕೆಂಡದ ಹದ ಕೈಯಲ್ಲೇ ನೋಡಬಹುದು. ಜಾಲರಿಯಿಂದ ಒಂದು ಗೇಣು ಮೇಲೆ ಅಂಗೈ ಹಿಡಿಯಿರಿ. ಎರಡು ಎಣಿಸುವುದರೊಳಗೆ ಕೈ ತೆಗೆಯಬೇಕಾದರೆ ಸಾಸಿಗೆ ಅದು ಮೃತ್ಯು. ಆರು ಎಣಿಸುವವರೆಗೆ ತಡೆಯುವಂತಿದ್ದರೆ ಬಳಿಯಬಹುದು. ಕೆಂಡದ ಮೇಲೆ ಬೂದಿ ಕೂತಿರಬೇಕು, ಜ್ವಾಲೆ ಇರಲೇಬಾರದು.

ಮೊದಲ ಕೈ ತೆಳ್ಳಗೆ ಬಳಿದು 7ರಿಂದ 8 ನಿಮಿಷ ಬಿಡಿ. ಮೇಲ್ಮೈ ಮಿನುಗು ಕಳೆದು ಬೆರಳಿಗೆ ಅಂಟುವಂತಾದಾಗ ಎರಡನೆಯದು, ಮತ್ತೆ ಅಷ್ಟೇ ಹೊತ್ತು ಬಿಟ್ಟು ಮೂರನೆಯದು. ತೆಳ್ಳಗೆ ಮೂರು ಸಲ ಬಳಿದದ್ದು ಒಂದರ ಮೇಲೊಂದು ಹಿಡಿದು ಹೊಳಪು ಕೊಡುತ್ತದೆ. ಒಂದೇ ಸಲ ದಪ್ಪಗೆ ಬಳಿದದ್ದರ ಮೇಲ್ಪದರ ಸೀದು ಒಳಪದರ ಹಸಿಯಾಗೇ ಉಳಿಯುತ್ತದೆ. ಓವನ್ನಿನಲ್ಲಾದರೆ ಫಾಯಿಲ್ ತೆಗೆದು, 190 ಡಿಗ್ರಿಗೆ ಏರಿಸಿ, ಐದೈದು ನಿಮಿಷಕ್ಕೊಮ್ಮೆ ಬಳಿಯಿರಿ, ಬಾಗಿಲ ಬಳಿಯೇ ನಿಂತಿರಿ. ಇಳಿಸಿದ ಮೇಲೆ ಹತ್ತು ನಿಮಿಷ ಬಿಟ್ಟು ಮೂಳೆಗಳ ನಡುವೆ ಕತ್ತರಿಸಿ. ಅಕ್ಕಿ ರೊಟ್ಟಿ ಇದಕ್ಕೆ ಬ್ರೆಡ್ಡಿಗಿಂತ ಚೆನ್ನಾಗಿ ಹೊಂದುತ್ತದೆ, ಪಕ್ಕದಲ್ಲಿ ಹಸಿ ಈರುಳ್ಳಿ ಇರಲಿ.

ಕೆಟ್ಟರೆ ಸರಿಪಡಿಸುವುದು

ಹುಳಿ ಹೆಚ್ಚಾದರೆ ಮೊದಲು ಬೆಲ್ಲಕ್ಕೆ ಕೈ ಹಾಕಬೇಡಿ. ಚಿಟಿಕೆ ಉಪ್ಪು, ಒಂದು ಚಮಚ ಕರಗಿಸಿದ ಹಂದಿ ಕೊಬ್ಬು ಬೆರೆಸಿ ನೋಡಿ, ಮುಕ್ಕಾಲು ಪಾಲು ಸರಿಹೋಗಿರುತ್ತದೆ. ಆಮೇಲೂ ಬೇಕೆನಿಸಿದರೆ 10 ಗ್ರಾಂ ಬೆಲ್ಲ. ಸಿಹಿ ಹೆಚ್ಚಾದರೆ ಹುಣಸೆ ರಸವೇ ಮದ್ದು, ಬೆನ್ನಿಗೇ ಕಾಲು ಚಮಚ ಕಾಳುಮೆಣಸು. ಖಾರ ಹೆಚ್ಚಾದರೆ ಬೇಯಿಸಿ ರುಬ್ಬಿದ ಟೊಮೆಟೊ ಸೇರಿಸಿ ಮತ್ತೆ ಹದಕ್ಕೆ ಕುದಿಸಬೇಕು, ಅಡ್ಡದಾರಿಯಿಲ್ಲ. ಕಹಿ ಬಂದಿದ್ದರೆ ಮೆಣಸಿನಕಾಯಿಯೋ ತಳವೋ ಸೀದಿದೆ, ಅದನ್ನು ಮುಚ್ಚುವ ಪದಾರ್ಥ ಯಾವುದೂ ಇಲ್ಲ, ಹೊಸದಾಗಿ ಮಾಡಿ. ಬಾಡಿನ ಮೇಲೆ ಬಳಿದ ಸಾಸ್ ಅಲ್ಲಲ್ಲಿ ಕಪ್ಪಾದರೆ ಪಟ್ಟಿಯನ್ನು ಕೂಡಲೇ ಕೆಂಡದಿಂದ ಸರಿಸಿ, ಆ ಜಾಗವನ್ನು ಚಾಕುವಿನಿಂದ ಕೆರೆದು, ಕೆಂಡವಿಲ್ಲದ ಬದಿಯಲ್ಲಿಟ್ಟು ಒಂದು ಕೈ ಮತ್ತೆ ಬಳಿಯಿರಿ. ಕೊಬ್ಬು ತೊಟ್ಟಿಕ್ಕಿ ಜ್ವಾಲೆ ಎದ್ದರೆ ನೀರು ಚಿಮುಕಿಸಬೇಡಿ, ಬೂದಿ ಹಾರಿ ಸಾಸಿಗೆ ಹಿಡಿಯುತ್ತದೆ. ಬಾಡನ್ನು ಪಕ್ಕಕ್ಕೆ ಎತ್ತಿಡುವುದೇ ಸರಿ.

ಸಿಹಿ ಹೆಚ್ಚು ಬೇಡ ಎನ್ನುವ ಮನೆಯವರಿಗೆ ಪೂರ್ವ ಕೆರೊಲೈನಾದ ದಾರಿ ಇದೆ. ವಿನೆಗರ್ 200 ಮಿಲಿ, ನೀರು 100 ಮಿಲಿ, ಉಪ್ಪು 2 ಚಮಚ, ಗುಂಟೂರು ಮೆಣಸಿನ ಚೂರು 1 ದೊಡ್ಡ ಚಮಚ, ತರಿ ಕಾಳುಮೆಣಸು 1 ಚಮಚ, ಬೆಲ್ಲ 20 ಗ್ರಾಂ, ಎಲ್ಲವನ್ನೂ ಬೆರೆಸಿ ಬೆಲ್ಲ ಕರಗುವವರೆಗೆ ಬಿಸಿಮಾಡಿ ಒಂದು ರಾತ್ರಿ ಇಡಿ. ಇದರಲ್ಲಿ ಸಿಹಿ ಅಷ್ಟಕ್ಕಷ್ಟೇ ಆದ್ದರಿಂದ ಸೀಯುವ ಭಯ ಕಡಿಮೆ. ಸುಡಲು ಇಟ್ಟ ಒಂದು ಗಂಟೆಯ ನಂತರ ಮುಕ್ಕಾಲು ಗಂಟೆಗೊಮ್ಮೆ ಚಿಮುಕಿಸುತ್ತ ಹೋಗಬಹುದು.

ಇಡುವುದು

ಗಾಜಿನ ಬಾಟಲಿಯನ್ನು ಹತ್ತು ನಿಮಿಷ ನೀರಿನಲ್ಲಿ ಕುದಿಸಿ ಒಣಗಿಸಿ, ಸಾಸ್ ಬಿಸಿಯಿರುವಾಗಲೇ ತುಂಬಿಸಿ. ಪ್ಲಾಸ್ಟಿಕ್ ಡಬ್ಬಿ ಬೇಡ, ಬಣ್ಣ, ವಾಸನೆ ಎರಡೂ ಹಿಡಿಯುತ್ತವೆ. ಫ್ರಿಜ್ಜಿನಲ್ಲಿ ಮೂರು ವಾರ ಇರುತ್ತದೆ. ಹುಳಿ, ಬೆಲ್ಲ ಇದೆಯೆಂದು ಉಪ್ಪಿನಕಾಯಿಯಂತೆ ಹೊರಗಿಡಬೇಡಿ. ಇದರಲ್ಲಿ ಎಣ್ಣೆಯ ಪದರವೂ ಇಲ್ಲ, ಉಪ್ಪೂ ಅಷ್ಟಿಲ್ಲ. ಮೇಲೆ ಗುಳ್ಳೆ ಎದ್ದರೆ, ಮುಚ್ಚಳ ತೆಗೆದಾಗ ಉಸ್ಸೆಂದರೆ, ಹುದುಗಿದ ವಾಸನೆ ಬಂದರೆ ಚೆಲ್ಲಿಬಿಡಿ. ಇನ್ನೂ ಹೆಚ್ಚು ದಿನ ಬೇಕಾದರೆ ಐಸ್ ಟ್ರೇಯಲ್ಲಿ ಹೆಪ್ಪುಗಟ್ಟಿಸಿ ಫ್ರೀಜರಿನಲ್ಲಿ ಮೂರು ತಿಂಗಳು ಇಡಬಹುದು. ಬೇಕಾದಷ್ಟು ಗಡ್ಡೆ ತೆಗೆದು, ಒಂದು ಕುದಿ ಬರಿಸಿ, ಕಾಚಂಪುಳಿ ಎರಡು ಹನಿ ಹೊಸದಾಗಿ ಬೆರೆಸಿ ಬಳಸಿ.